ದಬ್ಬಣನ ಕಾಯಿಲೆ

ಆಸ್ಪತ್ರೆಯ ಹಿಂಭಾಗದಲ್ಲಿ, ಕಸ ಸುಡುವ ಗುಂಡಿಯನ್ನು ದಾಟಿದರೆ ಹೆಣದ ಮನೆ. ಅಲ್ಲಿ ಕೆಲಸ ಮಾಡುವವನನ್ನು ಎಲ್ಲರೂ ದಬ್ಬಣ ಎಂದೇ ಕರೆಯುತ್ತಿದ್ದರು. ಕೊಯ್ದ ಹೆಣವನ್ನು ಮತ್ತೆ ಹೊಲಿಯುವುದು ಅವನ ಕೆಲಸ. ಡಾಕ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತು ಇಲ್ಲಿ ಕೊಯ್ಯಿ, ಅದನ್ನು ತೆಗಿ ಎನ್ನುತ್ತಿದ್ದರು. ಕೊಯ್ಯುವವನು ದಬ್ಬಣ. ಬುರುಡೆ ಒಡೆಯುವವನು ದಬ್ಬಣ. ತೆಗೆದದ್ದನ್ನು ಒಳಗಿಟ್ಟು, ಹುರಿ ಹಾಕಿ ಹೊಲಿದು, ತೊಳೆದು, ಬಟ್ಟೆ ಸುತ್ತಿ ಹೊರಗೆ ಅಳುತ್ತ ನಿಂತವರ ಕೈಗೆ ಕೊಡುವವನೂ ಅವನೇ. ಸಹಿ ಮಾತ್ರ ಡಾಕ್ಟರದು.

ಅವನ ಅಪ್ಪನೂ ಇದೇ ಕೆಲಸ ಮಾಡಿ ಸತ್ತಿದ್ದ. ಬೇರೆ ಕೆಲಸ ಕೊಡಿ ಎಂದು ದಬ್ಬಣ ಒಮ್ಮೆ ಕೇಳಿದ್ದ. "ನಿಮ್ಮವರಿಗೆ ಇದು ಅಭ್ಯಾಸ ಅಲ್ವೇನೋ" ಎಂದಿದ್ದರು. ಮತ್ತೆ ಕೇಳಲಿಲ್ಲ.

ಕ್ಯಾಂಟೀನಿನ ಒಳಗೆ ಅವನಿಗೆ ಜಾಗವಿರಲಿಲ್ಲ. ಹಿಂದಿನ ಕಿಟಕಿಯ ಹತ್ತಿರ ನಿಲ್ಲಬೇಕು. ಅವನ ಲೋಟ ಬೇರೆ. ತಾನೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಚಹಾವನ್ನು ಮೇಲಿನಿಂದ ಸುರಿಯುತ್ತಿದ್ದರು. ಸುರಿಯುವವನು ಯಾರ ಜೊತೆಗಾದರೂ ಹರಟುತ್ತಿದ್ದರೆ ಚಹಾ ಕೈಮೇಲೆ ಬೀಳುತ್ತಿತ್ತು. ದಬ್ಬಣ ಕೈ ಕೊಡವಿಕೊಂಡು ನಗುತ್ತಿದ್ದ. ನಗದಿದ್ದರೆ ಮರುದಿನ ಚಹಾ ಸಿಗುತ್ತಿರಲಿಲ್ಲ.

ಹೆಣಕ್ಕೆ ಅವನು ಹೆದರಿದವನಲ್ಲ. ನೀರಲ್ಲಿ ಉಬ್ಬಿದ್ದು, ರೈಲಿಗೆ ಸಿಕ್ಕಿದ್ದು, ಹುಳ ಹತ್ತಿದ್ದು, ಎಲ್ಲವನ್ನೂ ಎರಡು ಕೈಯಿಂದ ಎತ್ತುತ್ತಿದ್ದ. ಅವನು ಹೆದರುತ್ತಿದ್ದುದು ರಾಜಕಾರಣಿಗಳಿಗೆ.

ಹೆದರಿಕೆ ಎಂದರೆ ಸಾಮಾನ್ಯ ಹೆದರಿಕೆಯಲ್ಲ. ಗೋಡೆಯ ಮೇಲೆ ಕೈಮುಗಿದು ನಗುವ ಪೋಸ್ಟರ್ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಪ್ರಚಾರದ ಗಾಡಿಯ ಮೈಕು ಕೇಳಿದರೆ ಬಾಯಿ ಒಣಗುತ್ತಿತ್ತು. ಚುನಾವಣೆ ಬಂತೆಂದರೆ ಬೀದಿಬೀದಿಯಲ್ಲೂ ಮುಖಗಳು. ಆಗ ಕಣ್ಣು ನೆಲಕ್ಕೆ ಹಾಕಿ ನಡೆದು ಕಂಬಕ್ಕೆ ಹಣೆ ಜಜ್ಜಿಕೊಂಡದ್ದೂ ಇದೆ. ಯಾವ ಪಕ್ಷ, ಯಾವ ಲೀಡರು ಎಂಬುದು ಲೆಕ್ಕಕ್ಕಿಲ್ಲ. ಓಟು ಕೇಳಲು ಬಂದ ಪಾಪದ ವಾರ್ಡ್ ಮೆಂಬರನನ್ನು ಕಂಡು ಒಮ್ಮೆ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಆ ಮೆಂಬರು ಸೋತೂ ಹೋದ.

"ನೀನು ಹೆಣ ಕೊಯ್ಯೋನಾ, ಇಲ್ಲ ಕೋಳಿಮರೀನಾ?" ಎಂದು ಹೆಂಡತಿ ರೇಗುತ್ತಿದ್ದಳು. ಅವಳು ಅದೇ ಆಸ್ಪತ್ರೆಯಲ್ಲಿ ವಾರ್ಡು ಗುಡಿಸುತ್ತಿದ್ದಳು. ಏನಾಯಿತು ಎಂದು ಕೇಳಿದರೆ ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಒಂದು ದಿನ ಈ ಹೆದರಿಕೆ ಎಲ್ಲರ ಕಣ್ಣಿಗೂ ಬಿತ್ತು. ಹೊಸ ಯಂತ್ರವೊಂದನ್ನು ಉದ್ಘಾಟಿಸಲು ಯಾರೋ ಲೀಡರು ಬಂದಿದ್ದರು. ದಬ್ಬಣ ಅವರನ್ನು ಹಿಂದೆ ಕಂಡವನೇ ಅಲ್ಲ. ವಾರ್ಡಿನಿಂದ ಒಬ್ಬ ಮುದುಕನ ಹೆಣವನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಬರುತ್ತಿದ್ದ. ಮೂಲೆ ತಿರುಗಿದರೆ ಎದುರಿಗೇ ಆ ಗುಂಪು. ನಡುವೆ ಲೀಡರು, ಕೈಮುಗಿದು ನಗುತ್ತಿದ್ದಾರೆ. ದಬ್ಬಣನ ಕೈ ಸಡಿಲಾಯಿತು. ಅದು ಇಳಿಜಾರು. ಸ್ಟ್ರೆಚರ್ ತಾನೇ ಓಡಿತು. ಗೋಡೆಗೆ ಬಡಿದು ಮಗುಚಿತು. ಮುದುಕನ ಹೆಣ ಲೀಡರ ಕಾಲ ಮೇಲೆ ಮುಖ ಕೆಳಗಾಗಿ ಬಿತ್ತು. ಕ್ಯಾಮೆರಾದವರಿಗೆ ಹಬ್ಬ. ದಬ್ಬಣ ಗೋಡೆಗೆ ಒರಗಿ ಕುಸಿದಿದ್ದ. ಪ್ಯಾಂಟು ಒದ್ದೆಯಾಗಿತ್ತು.

ಮುದುಕನ ಮಗಳು ಓಡಿ ಬಂದು ಹೆಣವನ್ನು ತಬ್ಬಿಕೊಂಡಳು. ಅವಳನ್ನು ಪೊಲೀಸರು ಎಳೆದು ಬದಿಗೆ ಹಾಕಿದರು. ಲೀಡರ ಬೂಟು ಒರೆಸಬೇಕಿತ್ತು.

ಆಸ್ಪತ್ರೆಯ ದೊಡ್ಡ ಡಾಕ್ಟರು ಅವನನ್ನು ಕರೆಸಿದರು. ಕೂರು ಎನ್ನಲಿಲ್ಲ. ಕೋಣೆಯ ಒಳಗೂ ಕರೆಯಲಿಲ್ಲ. ಹೊಸ್ತಿಲ ಆಚೆ ನಿಲ್ಲಿಸಿ ಮಾತಾಡಿದರು.

"ಏನೋ ನಿನ್ನ ರೋಗ?"

"ಗೊತ್ತಿಲ್ಲ ಸಾರ್. ಮೈ ನಡುಗುತ್ತೆ."

"ನಿನ್ನಿಂದ ನನ್ನ ಮರ್ಯಾದೆ ಹೋಯ್ತು. ಕೆಲಸದಿಂದ ತೆಗೆದುಹಾಕ್ತಿದ್ದೆ. ಆದರೆ ಹೆಣ ಮುಟ್ಟೋಕೆ ಇನ್ನೊಬ್ಬ ಸಿಗಬೇಕಲ್ಲ. ಹೋಗಿ ಮನಸ್ಸಿನ ಡಾಕ್ಟರ ಹತ್ರ ತೋರಿಸ್ಕೋ. ವಾಸಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ಗಂಡ ಹೆಂಡ್ತಿ ಇಬ್ಬರೂ ಗಂಟುಮೂಟೆ ಕಟ್ಟಿ."

ಮನಸ್ಸಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೊದಲ ದಿನವೇ ಅವನನ್ನು ಕುರ್ಚಿಯ ಮೇಲೆ ಕೂರಿಸಿದಳು. 'ನೀವು' ಎಂದಳು. ಆಸ್ಪತ್ರೆಯಲ್ಲಿ ಅವನನ್ನು ಯಾರೂ 'ನೀವು' ಎಂದಿರಲಿಲ್ಲ. ಅವನು ಕುರ್ಚಿಯ ತುದಿಯಲ್ಲಿ ಕೂತ. ಒಳಗೆ ಏನೋ ಕರಗಿದಂತಾಯಿತು. ಅವಳು ಹೇಳಿದ್ದೆಲ್ಲ ಮಾಡಬೇಕು ಅನ್ನಿಸಿತು.

"ಇದಕ್ಕೆ ಕಾರಣವಿಲ್ಲದ ಭಯ ಅಂತಾರೆ" ಎಂದಳು. "ಕೆಲವರಿಗೆ ಜಿರಳೆ. ಕೆಲವರಿಗೆ ಎತ್ತರ. ನಿಮಗೆ ರಾಜಕಾರಣಿಗಳು. ನಾಚಿಕೆ ಪಡಬೇಕಾದ್ದೇನಿಲ್ಲ. ಅವರೂ ನಮ್ಮ ಹಾಗೇ ಮನುಷ್ಯರು. ಅವರಿಂದ ನಿಮಗೆ ಏನೂ ಆಗಲ್ಲ ಅಂತ ನಿಮ್ಮ ಮೈಗೆ ಕಲಿಸಬೇಕು. ನಿಧಾನಕ್ಕೆ."

ಮೇಜಿನ ಮೇಲೆ ಒಂದು ಫೋಟೊ ಇಟ್ಟು ಅದರ ಮೇಲೆ ಬಿಳಿ ಹಾಳೆ ಮುಚ್ಚಿದಳು. ಹಾಳೆಯನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಎಳೆದಳು. ಮೊದಲು ಕೂದಲು. ಹಣೆ. ಕಣ್ಣು ಬಂದಾಗ ದಬ್ಬಣ ಎದ್ದು ನಿಂತುಬಿಟ್ಟ.

"ಕೂತ್ಕೊಳ್ಳಿ. ಮೂಗಲ್ಲಿ ಉಸಿರು ಎಳೀರಿ. ಹಿಡ್ಕೊಳ್ಳಿ. ಬಾಯಲ್ಲಿ ಬಿಡಿ."

ಎಳೆದ. ಹಿಡಿದ. ಬಿಟ್ಟ. ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಅವತ್ತು ಮೂಗಿನ ತನಕ ಬಂದರು. ಬಾಯಿ ತೋರಿಸಲಿಲ್ಲ. ನಗುವ ಬಾಯಿಗೆ ಅವನು ಸಿದ್ಧನಿರಲಿಲ್ಲ.

ಸುದ್ದಿ ಆಸ್ಪತ್ರೆ ತುಂಬ ಹರಡಿತು. ವಾರ್ಡಿನ ಅಟೆಂಡರುಗಳಿಗೆ ಮೋಜಿಗೆ ದಾರಿಯಾಯಿತು. ಅವನು ಹಾದುಹೋಗುವಾಗ ಕೈಮುಗಿದು "ನಿಮ್ಮ ಅಮೂಲ್ಯವಾದ ಮತ" ಎನ್ನುತ್ತಿದ್ದರು. ಅಷ್ಟಕ್ಕೇ ಬಿಡಲಿಲ್ಲ. ಒಂದು ಬೆಳಿಗ್ಗೆ ಕಲ್ಲಿನ ಮೇಜಿನ ಮೇಲೆ ಬಟ್ಟೆ ಮುಚ್ಚಿದ ಹೆಣವಿತ್ತು. ದಬ್ಬಣ ಬಟ್ಟೆ ಸರಿಸಿದ. ಹೆಣದ ಮುಖಕ್ಕೆ ಲೀಡರೊಬ್ಬರ ಪೋಸ್ಟರಿನ ಮುಖವನ್ನು ಕತ್ತರಿಸಿ ಅಂಟಿಸಿದ್ದರು. ಅಗಲವಾಗಿ ನಗುವ ಬಾಯಿ. ದಬ್ಬಣ ಕಿರುಚಿ ಹಿಂದಕ್ಕೆ ಬಿದ್ದ. ತಲೆ ಬಕೀಟಿಗೆ ಬಡಿಯಿತು. ಕಿಟಕಿಯ ಹೊರಗೆ ಅಟೆಂಡರುಗಳು ಫೋನು ಹಿಡಿದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವರು ನಕ್ಕು ಹೋದ ಮೇಲೆ ಅವನು ಎದ್ದ. ಕಣ್ಣು ಮುಚ್ಚಿಕೊಂಡೇ ಕಾಗದವನ್ನು ಕಿತ್ತ. ಗೋಂದು ಗಟ್ಟಿಯಾಗಿ ಹಿಡಿದಿತ್ತು. ಅದರ ಜೊತೆ ಚರ್ಮವೂ ಸ್ವಲ್ಪ ಬಂತು. ಅದು ಒಬ್ಬ ಎಳೆ ಹುಡುಗಿಯ ಹೆಣ. ಅವಳ ಮುಖವನ್ನು ಬಿಸಿನೀರು ತಂದು ತೊಳೆದ. ತೊಳೆಯುತ್ತ ತೊಳೆಯುತ್ತ ಅತ್ತ. ಅವಳಿಗಾಗಿ ಅತ್ತನೋ ತನಗಾಗಿಯೋ ಅವನಿಗೇ ತಿಳಿಯಲಿಲ್ಲ.

ಆ ಮಧ್ಯಾಹ್ನ ಡಾಕ್ಟರಮ್ಮನ ಎದುರು ಕೂತು ಅವನು ಬಾಯಿ ಬಿಟ್ಟ. ಅವನ ಹೆಂಡತಿ ಅವನನ್ನು ಕರೆದುಕೊಂಡು ಬಂದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ.

"ನನಗೊಬ್ಬ ತಮ್ಮ ಇದ್ದ ಮೇಡಂ" ಎಂದ.

ತಮ್ಮ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಗೋದಾಮು ಒಬ್ಬ ಲೀಡರ ಭಾವಮೈದುನನದು. ಸರಕು ಕದ್ದಾರೆಂದು ಕೆಲಸದ ಹೊತ್ತಿನಲ್ಲಿ ಹೊರಗಿನಿಂದ ಬೀಗ ಹಾಕುತ್ತಿದ್ದರು. ಒಂದು ದಿನ ಬೆಂಕಿ ಬಿತ್ತು. ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಹೆಣಗಳು ಲಾರಿಯಲ್ಲಿ ಬಂದವು. ಅಷ್ಟರೊಳಗೆ ಲೀಡರು ಟೀವಿಯಲ್ಲಿ ಹೇಳಿಯಾಗಿತ್ತು. ಸತ್ತವರು ನಾಲ್ಕೈದು ಜನ ಮಾತ್ರ, ಪರಿಸ್ಥಿತಿ ಹತೋಟಿಯಲ್ಲಿದೆ. ಹೇಳಿದ ಮಾತಿಗೆ ಹೆಣಗಳು ಹೊಂದಬೇಕಿತ್ತು. ಹೆಣದ ಮನೆಯ ಪಕ್ಕದಲ್ಲಿ ಬಟ್ಟೆ ಒಗೆಯುವ ಹಳೇ ಕೋಣೆ ಇತ್ತು. ಮುರಿದ ಮಂಚಗಳನ್ನು ಅಲ್ಲಿ ತುಂಬಿದ್ದರು. ಮಿಕ್ಕವನ್ನು ಅದರೊಳಗೆ ಹಾಕು ಎಂದರು. ದಬ್ಬಣ ಹೊತ್ತ. ಸುಟ್ಟ ಹೆಣ ಹಗುರ. ಒಂದರ ಕಾಲು ಹಿಡಿದಾಗ ಅವನ ಕೈ ನಿಂತಿತು. ಎಡಗಾಲಿನ ಎರಡು ಬೆರಳು ಕೂಡಿಕೊಂಡಿದ್ದವು, ಹುಟ್ಟಿನಿಂದಲೇ. ಆ ಕಾಲಿಗೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಮುಳ್ಳು ತೆಗೆದಿದ್ದ.

"ಎತ್ತೋಕೆ ಆಗ್ಲಿಲ್ಲ. ಹಾಗೇ ನಿಂತಿದ್ದೆ. ಆಗ ಲೀಡರು ಬಂದ್ರು. ನೋಡ್ಕೊಂಡು ಹೋಗೋಕೆ ಬಂದಿದ್ರು. ನನ್ನ ಹೆಗಲ ಮೇಲೆ ಕೈ ಇಟ್ರು ಮೇಡಂ. ನಕ್ಕರು. 'ಒಳ್ಳೆ ಕೆಲಸಗಾರ, ಹೀಗೇ ಇರು' ಅಂದ್ರು. ಹೆಗಲನ್ನ ಅದುಮಿದ್ರು. ಮೆಲ್ಲಗೆ, ಅಷ್ಟೆ. ನಾನು ಎತ್ತಿದೆ. ತಮ್ಮನ್ನ ಎತ್ಕೊಂಡು ಹೋಗಿ ಮಂಚದ ಕೆಳಗೆ ಹಾಕಿದೆ. ಬೆಳಿಗ್ಗೆ ಹೊತ್ತಿಗೆ ಆ ಕೋಣೆ ಖಾಲಿ. ಎಲ್ಲಿಗೆ ಒಯ್ದರೋ ಗೊತ್ತಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಎದ್ದು ಬಾಗಿಲನ್ನು ಸರಿಯಾಗಿ ಹಾಕಲು ಹೋದಳು. ಅಲ್ಲಿ ಅವನ ಹೆಂಡತಿ ನಿಂತಿದ್ದಳು.

"ನಾನು ಬೈದೆ ಅಂತ ಹೋದ ಅಂದ್ಕೊಂಡಿದ್ದೆ" ಎಂದಳು ಹೆಂಡತಿ. ಅವಳ ದನಿ ಚಪ್ಪಟೆಯಾಗಿತ್ತು. "ಅವತ್ತು ಬೆಳಿಗ್ಗೆ ತಡವಾಗಿ ಎದ್ದ ಅಂತ ಬೈದಿದ್ದೆ. 'ತಿಂದು ತಿಂದು ಮಲಗ್ತೀಯ, ಎಲ್ಲಾದ್ರೂ ಹಾಳಾಗಿ ಹೋಗು' ಅಂದಿದ್ದೆ. ನೀನು, ಅವನು ಅವತ್ತು ಗೋದಾಮಿಗೇ ಹೋಗಿಲ್ಲ, ಬೇರೆ ಊರಿಗೆ ಕೆಲಸಕ್ಕೆ ಹೋದ ಅಂದೆ. ಇಷ್ಟು ವರ್ಷ ನಾನು, ನನ್ನ ಬಾಯಿಂದಲೇ ಮನೆ ಬಿಟ್ಟ ಅಂತ..."

ಮದುವೆಯಾಗಿ ಬಂದಾಗ ಮೈದುನ ಇನ್ನೂ ಚಡ್ಡಿ ಹಾಕುವ ಹುಡುಗ. ಅವಳೇ ಮೀಯಿಸಿ, ಉಣಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಈಗ ಗಂಡನ ಹತ್ತಿರ ಬಂದು ಕೆನ್ನೆಗೆ ಒಂದು ಬಾರಿಸಿದಳು. ಮತ್ತೆ ಅದೇ ಕೈಯಲ್ಲಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಇಬ್ಬರೂ ಅಳಲಿಲ್ಲ.

ಡಾಕ್ಟರಮ್ಮ ಬಾಗಿಲು ಹಾಕಿ ಬಂದು ಕುರ್ಚಿಯಲ್ಲಿ ಕೂತಳು. ಆ ಲೀಡರು ಈಗ ಮಂತ್ರಿ. ಯಾರೆಂದು ಅವಳಿಗೆ ಅರ್ಥವಾಗಿತ್ತು.

"ನೋಡಿ, ಈ ವಿಷಯ ನಾವು ಇಲ್ಲಿ ಮಾತಾಡೋದು ಬೇಡ. ನಾನು ಬರ್ಕೊಳ್ಳೋದೂ ಇಲ್ಲ" ಎಂದಳು. "ನನಗೆ ಸಂಬಂಧಿಸಿದ್ದು ನಿಮ್ಮ ನಡುಕ ಮಾತ್ರ."

"ಮತ್ತೆ ಕಾರಣವಿಲ್ಲದ ಭಯ ಅಂದ್ರಲ್ಲ ಮೇಡಂ. ಕಾರಣ ಇದೆಯಲ್ಲ."

"ಕಾರಣ ಹಳೇದು. ಭಯ ಈಗಿನದು. ಈಗ ನಿಮ್ಮನ್ನ ಯಾರೂ ಏನೂ ಮಾಡ್ತಿಲ್ಲವಲ್ಲ. ಹಾಗಾಗಿ ಈಗ ಅದಕ್ಕೆ ಕಾರಣ ಇಲ್ಲ."

ದಬ್ಬಣನಿಗೆ ಇದು ತಲೆಗೆ ಹತ್ತಲಿಲ್ಲ. ಆದರೆ ಅವಳು 'ನೀವು' ಎನ್ನುವವಳು. ತಲೆಯಾಡಿಸಿದ.

ಚಿಕಿತ್ಸೆ ಮುಂದುವರಿಯಿತು. ಫೋಟೊದ ಬಾಯಿಯೂ ಬಂತು. ಆಮೇಲೆ ದನಿ ತೆಗೆದ ಟೀವಿ. ಆಮೇಲೆ ದನಿಯಿರುವ ಟೀವಿ. ಪೋಸ್ಟರಿನ ಕೆಳಗೆ ನಿಂತು ಬನ್ನಿ ಎಂದಳು, ನಿಂತು ಬಂದ. ಒಂದು ಭಾಷಣದ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ ಎಂದಳು. ಹೆಂಡತಿಯ ಕೈ ಹಿಡಿದು ಕೂತ. ಉಸಿರು ಎಳೆದ, ಹಿಡಿದ, ಬಿಟ್ಟ. ಪಕ್ಕದಲ್ಲಿದ್ದವನು "ದಮ್ಮಾ ಅಣ್ಣಾ?" ಎಂದು ಕೇಳಿದ. ಸಭೆ ಮುಗಿಯುವ ತನಕ ಕೂತ. ಪ್ಯಾಂಟು ಒಣಗಿಯೇ ಇತ್ತು.

"ನೀವು ಗೆದ್ರಿ" ಎಂದಳು ಡಾಕ್ಟರಮ್ಮ. ನಿಜಕ್ಕೂ ಸಂತೋಷಪಟ್ಟಳು. ದೊಡ್ಡ ಡಾಕ್ಟರಿಗೂ ಹೋಗಿ ಹೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಊರಾಚೆ ಕಟ್ಟುತ್ತಿದ್ದ ದೊಡ್ಡ ಕಟ್ಟಡ ಕುಸಿಯಿತು. ಅದೇ ಮಂತ್ರಿಗಳು ಹೇಳಿದ ದಿನಕ್ಕೆ ಮುಗಿಯಬೇಕೆಂದು ಹಸಿ ಕಾಂಕ್ರೀಟಿನ ಮೇಲೆ ಇನ್ನೊಂದು ಮಹಡಿ ಏರಿಸಿದ್ದರು. ಕೆಲಸಗಾರರು ಕೆಳಗಿನ ಮಹಡಿಯಲ್ಲೇ ಸಂಸಾರ ಹೂಡಿದ್ದರು. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿನಲ್ಲಿ ಎಲ್ಲ ಮಹಡಿಗಳೂ ಒಂದರ ಮೇಲೊಂದು ಕೂತವು.

ಹೆಣಗಳು ಬಂದವು. ಸಿಮೆಂಟು ಮೆತ್ತಿದ, ಬೂದಿ ಬಣ್ಣದ ಹೆಣಗಳು. ಕಲ್ಲಿನ ಮೇಜು ತುಂಬಿತು. ನೆಲ ತುಂಬಿತು. ದಬ್ಬಣ ಒಬ್ಬನೇ ಇಳಿಸುತ್ತಿದ್ದ. ಒಬ್ಬ ತಾಯಿ ಮಗುವನ್ನು ಅಪ್ಪಿಕೊಂಡೇ ಸತ್ತಿದ್ದಳು. ಬಿಡಿಸಲು ಆಗಲಿಲ್ಲ. ಹಾಗೇ ಒಟ್ಟಿಗೆ ಮಲಗಿಸಿದ. ಮುಂದಿನ ಬಾಗಿಲ ಹೊರಗೆ ಬದುಕಿ ಉಳಿದವರು ನೆರೆದಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದರು. ಅವರು ಅಂಗೈಯಿಂದ ಬಾಗಿಲು ಬಡಿಯುತ್ತಿದ್ದರು.

ಹಿಂದಿನ ಬಾಗಿಲಿನಿಂದ ದೊಡ್ಡ ಡಾಕ್ಟರು ಬಂದರು. ಜೊತೆಗೆ ಮಂತ್ರಿಗಳ ಪಿ.ಎ. ಅವರ ಹಿಂದೆ ಡಾಕ್ಟರಮ್ಮ.

"ಐದು ಹೆಣ ಇಲ್ಲಿರಲಿ" ಎಂದರು ದೊಡ್ಡ ಡಾಕ್ಟರು. "ಮಿಕ್ಕಿದ್ದು ಆ ಹಳೇ ಕೋಣೆಗೆ. ಸಾಹೇಬರು ಬರೋದ್ರೊಳಗೆ ಆಗಬೇಕು. ನಿನಗೇನು ಹೊಸದಾಗಿ ಹೇಳಬೇಕಾಗಿಲ್ಲ. ಅನುಭವ ಇದೆಯಲ್ಲ."

ದಬ್ಬಣ ಗೋಡೆಗೆ ಒರಗಿದ. ಡಾಕ್ಟರಮ್ಮ ಹತ್ತಿರ ಬಂದಳು. ಅವನು ಕುಸಿಯದಂತೆ ನೋಡಿಕೊಳ್ಳಲು ಅವಳನ್ನು ಕರೆತಂದಿದ್ದರು. ಅವಳ ಮುಖ ಬಿಳಿಚಿಕೊಂಡಿತ್ತು. ನೆಲದ ಕಡೆ ನೋಡದೆ ಮಾತಾಡಿದಳು.

"ಮೂಗಲ್ಲಿ ಎಳೀರಿ. ಹಿಡ್ಕೊಳ್ಳಿ. ಬಾಯಲ್ಲಿ ಬಿಡಿ. ನಿಮಗೆ ಏನೂ ಆಗಲ್ಲ."

ದಬ್ಬಣ ಅವಳನ್ನು ನೋಡಿದ. ಕುರ್ಚಿ ಕೊಟ್ಟವಳು. ಎಷ್ಟೊಂದು ದಿನ ಅವನ ಜೊತೆ ಕೂತು ಉಸಿರಾಡಲು ಕಲಿಸಿದವಳು.

"ಇದಕ್ಕೇನಾ ಮೇಡಂ ಕಲಿಸಿದ್ದು?" ಎಂದ.

"ಎಳೀರಿ" ಎಂದಳು ಮತ್ತೆ. ಅವಳಿಗೇ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ದಬ್ಬಣ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗೆ ಹಾಕಿದ.

"ಎತ್ತಲ್ಲ."

"ಏನಂದೆ?" ಎಂದರು ದೊಡ್ಡ ಡಾಕ್ಟರು.

"ಎತ್ತಲ್ಲ ಸಾರ್."

ಪಿ.ಎ. ಬಂದವನೇ ಕಪಾಳಕ್ಕೆ ಬಾರಿಸಿದ. ದಬ್ಬಣನ ತುಟಿ ಒಡೆಯಿತು. ಪಿ.ಎ. ತನ್ನ ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡ. ಹೆಣ ಮುಟ್ಟಿದವನನ್ನು ಮುಟ್ಟಿಬಿಟ್ಟಿದ್ದ.

"ನೀವೇ ಎತ್ತಿ" ಎಂದ ದಬ್ಬಣ. "ಇಷ್ಟು ಜನ ಇದ್ದೀರಿ. ಕಾಲೊಬ್ಬರು, ತಲೆಯೊಬ್ಬರು. ಭಾರ ಏನಿಲ್ಲ. ಇದು ಹುಡುಗನ ಹೆಣ."

ಯಾರೂ ಕದಲಲಿಲ್ಲ. ಹಿಂದಿನ ಬಾಗಿಲಲ್ಲಿ ಇಬ್ಬರು ಪೊಲೀಸರಿದ್ದರು. ದೊಡ್ಡ ಡಾಕ್ಟರು ಅವರನ್ನು ನೋಡಿದರು. ಅವರು ಮುಖ ಆಚೆ ತಿರುಗಿಸಿದರು. ಕಡೆಗೆ ಪಿ.ಎ. ಸಿಟ್ಟಿನಲ್ಲಿ ಬಗ್ಗಿ ಒಂದು ಕಾಲು ಹಿಡಿದ. ಅದು ಮಂಡಿಯ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತು. ಅವನು ಕೈಬಿಟ್ಟು ಗೋಡೆಯ ಮೂಲೆಗೆ ಹೋಗಿ ವಾಂತಿ ಮಾಡಿದ. ಊರಲ್ಲಿ ಇಷ್ಟು ಜನ ಇದ್ದರು, ಅಧಿಕಾರ ಇತ್ತು, ಲಾಠಿ ಇತ್ತು. ಹೆಣ ಎತ್ತುವ ಕೈ ಇರಲಿಲ್ಲ.

ಅಷ್ಟರಲ್ಲಿ ಮಂತ್ರಿ ಬಂದರು. ವಾಸನೆಗೆ ಮೂಗು ಮುಚ್ಚಿಕೊಂಡು ಬಂದರು. ಏನು ತಡ ಎಂದು ಕೇಳಿದರು. ದೊಡ್ಡ ಡಾಕ್ಟರು ಕಿವಿಯಲ್ಲಿ ಹೇಳಿದರು. ಮಂತ್ರಿ ದಬ್ಬಣನ ಕಡೆ ನಡೆದು ಬಂದರು. ನಕ್ಕರು. ಹೆಗಲ ಮೇಲೆ ಕೈ ಇಟ್ಟರು. ಅವನ ಗುರುತು ಅವರಿಗೆ ಇರಲಿಲ್ಲ.

"ಒಳ್ಳೆ ಕೆಲಸಗಾರ ಅಂತ ಕೇಳಿದ್ದೀನಿ" ಎಂದರು.

ದಬ್ಬಣನ ಮೈಯೆಲ್ಲ ಅದುರಿತು. ಹಲ್ಲು ಹಲ್ಲಿಗೆ ಬಡಿಯಿತು. ಉಸಿರು ಎಳೆಯಲಿಲ್ಲ, ಹಿಡಿಯಲಿಲ್ಲ. ಬೆಚ್ಚಗಿನದು ತೊಡೆಯಿಂದ ಕಾಲಿಗೆ ಇಳಿದು ನೆಲಕ್ಕೆ ಹರಿಯಿತು. ಮಂತ್ರಿಯ ಬೂಟಿನ ತನಕ ಹೋಯಿತು. ಮಂತ್ರಿ ಕೈ ತೆಗೆದು ಹಿಂದಕ್ಕೆ ಹಾರಿದರು.

"ಎ... ಎತ್ತಲ್ಲ" ಎಂದ ದಬ್ಬಣ.

ತಿರುಗಿ ಮುಂದಿನ ಬಾಗಿಲಿನ ಕಡೆ ನಡೆದ. ಕಾಲು ಸರಿಯಾಗಿ ಊರುತ್ತಿರಲಿಲ್ಲ. ಹೆಣಗಳ ನಡುವೆ, ಯಾವುದನ್ನೂ ತುಳಿಯದೆ ಹೋದ. ಪೊಲೀಸರು ಅಟ್ಟಿಸಿಕೊಂಡು ಬರಬೇಕೆಂದರೆ ಹೆಣಗಳನ್ನು ದಾಟಬೇಕಿತ್ತು. ಅವರು ಅಂಚಿನಲ್ಲೇ ನಿಂತರು. ದಬ್ಬಣ ಚಿಲಕ ತೆಗೆದ.

ಜನ ನುಗ್ಗಿದರು. ನೆಲದ ಮೇಲೆ ಸಾಲುಸಾಲು ಮಲಗಿದವರನ್ನು ಕಂಡು ಮುಂದಿದ್ದವರು ಅಲ್ಲೇ ನಿಂತರು. ಹೊರಗೆ ಮೈಕಿನಲ್ಲಿ ಸತ್ತವರು ಐದು ಜನ ಎಂದು ಹೇಳಿದ್ದರು.

"ಇವನೇ!" ಎಂದು ಪಿ.ಎ. ಕೂಗಿದ. ಬಾಯಿ ಒರೆಸಿಕೊಳ್ಳುತ್ತಲೇ ಕೂಗಿದ. "ಈ ಹುಚ್ಚನೇ ಹೆಣ ಬಚ್ಚಿಟ್ಟಿರೋದು! ಇವನಿಗೆ ತಲೆ ಕೆಟ್ಟಿದೆ! ಡಾಕ್ಟರನ್ನೇ ಕೇಳಿ!"

ಎಲ್ಲರೂ ಡಾಕ್ಟರಮ್ಮನ ಕಡೆ ನೋಡಿದರು. ಮಂತ್ರಿಯೂ ನೋಡಿದರು.

"ಹೌದು" ಎಂದಳು ಅವಳು. "ನನ್ನ ಪೇಶಂಟು."

ಅವಳು ಸುಳ್ಳು ಹೇಳಿರಲಿಲ್ಲ. ಅಷ್ಟು ಸಾಕಾಯಿತು. ಗಂಡನನ್ನು, ಅಣ್ಣನನ್ನು, ಮಗುವನ್ನು ಕಳಕೊಂಡ ಜನಕ್ಕೆ ಹೊಡೆಯಲು ಒಂದು ಮೈ ಬೇಕಿತ್ತು. ಮಂತ್ರಿ ಪೊಲೀಸರ ನಡುವೆ ಹಿಂದಿನ ಬಾಗಿಲಿನಿಂದ ಹೊರಟುಹೋದರು. ದಬ್ಬಣ ಅಲ್ಲೇ ಇದ್ದ. ಅವನ ಮೇಲೆ ಬಿದ್ದರು. ಒದ್ದರು. ಕೂದಲು ಹಿಡಿದು ಎಳೆದರು. ಯಾರೋ ಹೆಣದ ಮೇಜಿನ ಪಕ್ಕದ ಕಬ್ಬಿಣದ ಸಲಾಕೆ ಎತ್ತಿಕೊಂಡರು. ಬಲಗೈ ಮೂರು ಕಡೆ ಮುರಿಯಿತು.

ಕಡೆಗೆ ಅವನ ಹೆಂಡತಿ ಪೊರಕೆ ಹಿಡಿದು ನುಗ್ಗಿ ಬಂದು ಅವನ ಮೇಲೆ ಮಲಗಿದಳು. ಅವಳಿಗೂ ನಾಲ್ಕು ಬಿತ್ತು. ಆಮೇಲೆ ಜನಕ್ಕೆ ಕೈ ಸೋತಿತು. ಒಬ್ಬೊಬ್ಬರಾಗಿ ತಮ್ಮ ತಮ್ಮ ಹೆಣ ಹುಡುಕಲು ಹೋದರು.

ಮರುದಿನದ ಹೊತ್ತಿಗೆ ಕತೆ ಸಿದ್ಧವಾಗಿತ್ತು. ಲೀಡರುಗಳನ್ನು ಕಂಡರೆ ಹುಚ್ಚು ಹಿಡಿಯುವ ಕೆಲಸಗಾರನೊಬ್ಬ ಮಂತ್ರಿಗಳ ಹೆಸರು ಕೆಡಿಸಲು ಹೆಣಗಳನ್ನು ಮುಚ್ಚಿಟ್ಟಿದ್ದ. ಮಂತ್ರಿಗಳೇ ಸ್ವತಃ ಬಂದು ಬಯಲಿಗೆಳೆದರು. ಟೀವಿಯಲ್ಲಿ ಸ್ಟ್ರೆಚರ್ ಮಗುಚಿದ ದೃಶ್ಯವನ್ನು ಮತ್ತೆ ಮತ್ತೆ ಹಾಕಿದರು. ಅಟೆಂಡರುಗಳು ತೆಗೆದ ವಿಡಿಯೋವನ್ನೂ ಹಾಕಿದರು. ಗಂಡ ಹೆಂಡತಿ ಇಬ್ಬರ ಕೆಲಸವೂ ಹೋಯಿತು. ಮನೆಯವನು ಮನೆ ಖಾಲಿ ಮಾಡಿ ಎಂದ.

ಡಾಕ್ಟರಮ್ಮ ಒಂದು ಸಂಜೆ ಬಂದಳು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ನಾನು... ಅವರ ಕೈ ನೋಡ್ಬೇಕಿತ್ತು" ಎಂದಳು ಡಾಕ್ಟರಮ್ಮ.

"ನೀವು ಮನಸ್ಸಿನ ಡಾಕ್ಟರಲ್ವಾ? ಕೈ ಮುರಿದಿರೋದು" ಎಂದಳು ಹೆಂಡತಿ. ಬಾಗಿಲು ಹಾಕಿದಳು.

ಅದೇ ಬಾಗಿಲನ್ನು ಇನ್ನೊಂದು ದಿನ ಬೇರೊಬ್ಬಳು ತಟ್ಟಿದಳು. ಗಾರೆ ಕೆಲಸದವಳು. ಕಟ್ಟಡದಡಿ ಅವಳ ಗಂಡ ಸತ್ತಿದ್ದ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ಕುಕ್ಕರಿಸಿದಳು.

"ಅಣ್ಣಾ, ಅವತ್ತು ಹೊಡೆದವರಲ್ಲಿ ನಾನೂ ಇದ್ದೆ."

ದಬ್ಬಣ ಅವಳನ್ನು ದಿಟ್ಟಿಸಿದ. "ಎಲ್ಲಿಗೆ ಹೊಡೆದೆ?"

"ಬೆನ್ನಿಗೆ. ಒದ್ದೆ."

"ಬೆನ್ನಿಗೆ ತುಂಬಾ ಜನ ಒದ್ರು. ನಿಂದು ಯಾವುದು ಅಂತ ಗೊತ್ತಾಗಲ್ಲ ಬಿಡವ್ವ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಗಂಡ ಗೋಡೆ ಹತ್ರ ಇದ್ದ. ನೀನು ಬಾಗಿಲು ತೆಗೀದೇ ಹೋಗಿದ್ರೆ ಅವನು ನನಗೆ ಸಿಗ್ತಿರಲಿಲ್ಲ. ಇದು ನನಗೆ ಆಮೇಲೆ ಹೊಳೀತು. ಬಚ್ಚಿಟ್ಟವನು ಬಾಗಿಲು ಯಾಕೆ ತೆಗೀತಾನೆ? ಬೇರೆಯವರಿಗೂ ಹೇಳಿದೆ. ವಿಚಾರಣೆ ಮಾಡ್ತಾರಂತೆ. ನೀನು ಬಂದು ಹೇಳ್ಬೇಕು. ನಾವು ಹೊರಗೆ ನಿಂತಿರ್ತೀವಿ."

"ನನ್ನ ಮಾತು ಯಾರು ನಂಬ್ತಾರೆ? ನಾನು ಹುಚ್ಚ."

"ನಂಬದೇ ಇದ್ರೆ ಕತ್ತೆ ಬಾಲ. ಹೇಳು ನೀನು."

ಒಳಗಿನಿಂದ ಹೆಂಡತಿ ಹೇಳಿದಳು. "ಬರ್ತಾನೆ."

ವಿಚಾರಣೆ ಒಂದು ದೊಡ್ಡ ಸರ್ಕಾರಿ ಕಟ್ಟಡದಲ್ಲಿ. ಅಧಿಕಾರಿ ಕನ್ನಡಕದವನು, ಸಭ್ಯಸ್ಥ. ಕೈಗೆ ಪಟ್ಟಿ ಕಟ್ಟಿಕೊಂಡ ದಬ್ಬಣ ನಿಂತೇ ಹೇಳಿದ. ಕಟ್ಟಡದ ಹೆಣಗಳನ್ನು ಹೇಳಿದ. ಹಿಂದಕ್ಕೆ ಹೋಗಿ ಗೋದಾಮಿನ ಹೆಣಗಳನ್ನೂ ಹೇಳಿದ. ಎಡಗಾಲಿನ ಬೆರಳು ಹೇಳಿದ.

ಅಧಿಕಾರಿ ಪಕ್ಕದವನ ಕಿವಿಯಲ್ಲಿ ಏನೋ ಕೇಳಿದ. ಪಕ್ಕದವನು ಹೊರಗೆ ಹೋಗಿ ಬಂದು ಏನೋ ಹೇಳಿದ.

"ನಿಮ್ಮ ತಮ್ಮ ಸತ್ತಿಲ್ಲವಲ್ಲ" ಎಂದ ಅಧಿಕಾರಿ. "ಹೋದ ಚುನಾವಣೆಯಲ್ಲಿ ಓಟು ಹಾಕಿದ್ದಾರೆ. ಅದರ ಹಿಂದಿನದರಲ್ಲೂ ಹಾಕಿದ್ದಾರೆ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ತಮ್ಮನ ಸುಟ್ಟ ಹೆಣ ಓಟಿನ ಸಾಲಿನಲ್ಲಿ ನಿಂತಿರುವುದು ದಬ್ಬಣನ ಕಣ್ಣಿಗೆ ಕಟ್ಟಿತು.

"ಯಾರಿಗೆ ಹಾಕಿದ ಸಾರ್?" ಎಂದ.

ಅಧಿಕಾರಿಗೆ ಸಿಟ್ಟು ಬಂತು. "ಆಯ್ತು, ಹೋಗಿ" ಎಂದ.

ಹೊರಗೆ ಅಗಲವಾದ ಮೆಟ್ಟಿಲುಗಳು. ಕೆಳಗೆ ಗಾರೆಯವಳು ಮತ್ತು ಅವಳ ಜೊತೆ ಬಂದ ಹೆಂಗಸರು ಬಿಸಿಲಲ್ಲಿ ಕೂತಿದ್ದರು. ಹೆಂಡತಿ ಅವನ ಎಡಗೈ ಹಿಡಿದುಕೊಂಡು ಇಳಿಸುತ್ತಿದ್ದಳು. ಅರ್ಧ ಇಳಿದಿದ್ದರು. ಕಾರುಗಳು ಬಂದು ನಿಂತವು. ಪೊಲೀಸರು ಇಳಿದು "ಸರೀರಿ, ಸರೀರಿ" ಎಂದು ಜನರನ್ನು ಬದಿಗೆ ದೂಡಿದರು. ಮಂತ್ರಿ ಇಳಿದರು. ಅವರೂ ಹೇಳಿಕೆ ಕೊಡಬೇಕಿತ್ತು. ಕೈಮುಗಿದುಕೊಂಡು ಮೆಟ್ಟಿಲು ಹತ್ತತೊಡಗಿದರು.

ದಬ್ಬಣ ನಿಂತುಬಿಟ್ಟ. ನಡು ಮೆಟ್ಟಿಲಲ್ಲಿ. ಮೈ ಅದುರತೊಡಗಿತು. ಮುರಿದ ಕೈ ಪಟ್ಟಿಯೊಳಗೆ ಕುಣಿಯುತ್ತಿತ್ತು.

"ಬದಿಗೆ ಬಾ" ಎಂದಳು ಹೆಂಡತಿ ಮೆಲ್ಲಗೆ. "ನಡುಗ್ತಾ ಇದ್ದೀಯ."

"ನಡುಗ್ಲಿ. ಬದಿಗೆ ಸರಿಯಲ್ಲ."

ಅವಳು ಅವನ ಮುಖ ನೋಡಿದಳು. ಆಮೇಲೆ ಅವನ ಕೈಯನ್ನು ಬಿಗಿಯಾಗಿ ಹಿಡಿದು ಪಕ್ಕದಲ್ಲಿ ನಿಂತಳು. ಕೆಳಗಿನಿಂದ ಗಾರೆಯವಳು ಪೊಲೀಸನ ಕೈಯಡಿ ನುಸುಳಿ ಬಂದು ಇನ್ನೊಂದು ಬದಿಗೆ ನಿಂತಳು. ದಬ್ಬಣನ ಪ್ಯಾಂಟು ಒದ್ದೆಯಾಯಿತು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು. ಕ್ಯಾಮೆರಾಗಳು ಇದ್ದವು. ಅವನು ಕೆಳಗೆ ನೋಡಲಿಲ್ಲ. ಮಂತ್ರಿಯ ನಗುವ ಬಾಯಿಯನ್ನೇ ನೋಡಿದ. ಅದು ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ನಗು ನಿಂತಿತು.

ಮಂತ್ರಿ ಒದ್ದೆ ಮೆಟ್ಟಿಲನ್ನು ನೋಡಿದರು. ಪಂಚೆಯ ಅಂಚನ್ನು ಎತ್ತಿಕೊಂಡರು. ಸುತ್ತಿ ಬಳಸಿ, ಗೋಡೆಯ ಅಂಚಿನಿಂದ ಹತ್ತಿಕೊಂಡು ಹೋದರು.

ಅವರು ಒಳಗೆ ಹೋದ ಕೂಡಲೇ ಪೊಲೀಸರು ದಬ್ಬಣನ ಮುರಿದ ಕೈಯನ್ನೇ ಹಿಡಿದು ಕೆಳಗೆ ಎಳೆದರು.